ಗೂಡಿನಲ್ಲಿಟ್ಟ ಹಲ್ಲುಪುಡಿ

ಹಲ್ಲುಜ್ಜುವ ಹೊತ್ತಿನಲ್ಲಿ ಯಾವ ಮನುಷ್ಯನೂ ದೊಡ್ಡಸ್ತಿಕೆ ತೋರಿಸಲಾರ ಎಂಬುದು ನನ್ನ ನಂಬಿಕೆ. ತುಟಿಯೆಲ್ಲ ಕಪ್ಪು, ಬಾಯಲ್ಲಿ ಬೆರಳು, ಗಲ್ಲದ ಮೇಲೆ ಇಳಿಯುವ ಜೊಲ್ಲು. ಆ ಸ್ಥಿತಿಯಲ್ಲಿ ಅಮಲ್ದಾರರೂ ಅವರ ಕಚೇರಿಯ ಗುಮಾಸ್ತನಾದ ನಾನೂ ಒಂದೇ. ಆದರೆ ನಮ್ಮ ಅಮಲ್ದಾರರು ಹಲ್ಲುಜ್ಜುವುದನ್ನು ನಾನು ಕಂಡಿಲ್ಲ. ಅವರಿಗೆ ಬೆಂಗಳೂರಿನ ದಂಡಿನ ಬಿಳಿಯರ ಅಂಗಡಿಯಿಂದ ಗುಲಾಬಿ ಬಣ್ಣದ ಸೀಮೆ ಪುಡಿ ಡಬ್ಬಿಯಲ್ಲಿ ಬರುತ್ತದಂತೆ. ಅವರಿಗೂ ನನಗೂ ಸ್ನೇಹ ಬೆಳೆಯದಿದ್ದುದಕ್ಕೆ ಅದೇ ಕಾರಣವಿರಬೇಕು.

ನನ್ನ ಸ್ನೇಹಗಳೆಲ್ಲ ಬೆಳೆದದ್ದು ಹಿರಿಯೂರಿನ ನನ್ನ ಮನೆಯ ಜಗಲಿಯ ಮೇಲೆ. ಸ್ನೇಹಗಳೆಲ್ಲ ಎಂದರೆ ಒಂದೇ. ಎದುರು ಮನೆಯ ತೆಂಗಿನಕಾಯಿ ವ್ಯಾಪಾರಿ ಸಿದ್ದಪ್ಪನವರು ಬೆಳಗಾದರೆ ಅಂಗೈ ಚಾಚಿಕೊಂಡು ಬರುತ್ತಿದ್ದರು. ನನ್ನ ಹೆಂಡತಿ ಗೌರಮ್ಮ ಬೆರಣಿ ಸುಟ್ಟು, ಉಪ್ಪು, ಲವಂಗ, ಮೆಣಸು, ಪಚ್ಚಕರ್ಪೂರ ಸೇರಿಸಿ ಅರೆದ ಹಲ್ಲುಪುಡಿಗೆ ಅವರು ಮನಸೋತಿದ್ದರು. ಒಂದು ಚಿಟಿಕೆ ಪುಡಿಗೆ ಬಂದವರು ಕಾಯಿಯ ಧಾರಣೆ, ಎತ್ತಿನ ಕಾಲುನೋವು, ಬೀಗರ ಜಿಪುಣತನ ಎಲ್ಲವನ್ನೂ ಮುಗಿಸಿಯೇ ಬಾಯಿ ಮುಕ್ಕಳಿಸುತ್ತಿದ್ದರು. ಬೆರಳು ಬಾಯಲ್ಲಿದ್ದುದರಿಂದ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದೂ ಇರಲಿಲ್ಲ.

ಪ್ಲೇಗಿನ ವರ್ಷ ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಂಡಿದ್ದಾಗ ಗೌರಮ್ಮ ಹೋಗಿಬಿಟ್ಟಳು. ಮನೆಮನೆಯಲ್ಲೂ ಒಬ್ಬರಲ್ಲ ಒಬ್ಬರು ಹೋಗಿದ್ದರಿಂದ ಯಾರೂ ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ಮನೆಗೆ ಹಿಂತಿರುಗಿದ ಮೇಲೆ ಅವಳು ಮಾಡಿಟ್ಟಿದ್ದ ಪುಡಿ ಸ್ವಲ್ಪ ಕಾಲ ಬಂತು. ಅದು ಮುಗಿದ ಮೇಲೆ ಸಿದ್ದಪ್ಪನವರು ತಮ್ಮ ಬಾಗಿಲಲ್ಲೇ ನಿಂತು ಬೇವಿನ ಕಡ್ಡಿ ಅಗಿಯತೊಡಗಿದರು. ಜಗಲಿಗೆ ಬಂದರೆ ಪುಡಿ ಕೇಳಿದಂತಾದೀತು, ಪುಡಿ ಕೇಳಿದರೆ ಗೌರಮ್ಮನನ್ನು ನೆನಪಿಸಿದಂತಾದೀತು ಎಂಬ ಸಂಕೋಚ ಅವರದು. ಒಳ್ಳೆಯವರ ಸಂಕೋಚದಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕಚೇರಿಯಿಂದ ಬಂದು ಬೀಗ ತೆಗೆದರೆ ಮರುದಿನ ಬೀಗ ಹಾಕುವವರೆಗೆ ಮಾತಾಡಲು ನನಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಸಂಜೆ ಗೋಡೆಯ ಹಲ್ಲಿ ಲೊಚಗುಟ್ಟಿದ್ದಕ್ಕೆ "ಹೌದು ಹೌದು" ಎಂದುಬಿಟ್ಟೆ. ಇನ್ನು ತಡಮಾಡಬಾರದು, ಪುಡಿ ಮಾಡಿ ಸಿದ್ದಪ್ಪನವರನ್ನು ಕರೆಸಿಕೊಳ್ಳಲೇಬೇಕು ಎಂದು ಆಗಲೇ ನಿಶ್ಚಯಿಸಿದೆ.

ಗೌರಮ್ಮ ಪುಡಿ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಅಂದರೆ ಅವಳ ಪಕ್ಕದಲ್ಲಿ ಕುಳಿತು ಹುರಿಗಡಲೆ ತಿಂದಿದ್ದೆ. ಬೆರಣಿ ಕೆಂಡವಾದ ಕೂಡಲೇ ಮಡಕೆ ಕವುಚಿ ಕರಿ ಮಾಡಬೇಕು ಎಂಬುದು ಮಾತ್ರ ಗೊತ್ತಿತ್ತು. ಹಿತ್ತಿಲಲ್ಲಿ ಬೆಂಕಿ ಹೊತ್ತಿಸಿದೆ. ಬೆರಣಿ ಹಸಿಯಿತ್ತೇನೋ, ಹೊಗೆ ಸೂರು ದಾಟಿ ಎದ್ದಿತು. ಬೀದಿಯ ಜನ ಕೊಡ ಹಿಡಿದು ಓಡಿಬಂದರು.

"ಎಲ್ಲೈತ್ರಿ ಬೆಂಕಿ?" ಎಂದು ಪಕ್ಕದ ಮನೆಯ ಮುದುಕಿ ಬಸಮ್ಮ ಎಲ್ಲರಿಗಿಂತ ಮುಂದೆ ನುಗ್ಗಿದಳು.

"ಬೆಂಕಿ ಅಲ್ಲ ಬಸಮ್ಮ, ಹಲ್ಲುಪುಡಿ."

"ಏನಪ್ಪ, ಇರೋ ಮೂವತ್ತೆರಡು ಹಲ್ಲಿಗೆ ಇಷ್ಟ್ ಹೊಗೆ ಬೇಕಾ?"

ಮನೆ ತುಂಬ ಜನರನ್ನು ಕಂಡು ನನಗೆ ಹಿಗ್ಗು. ಕುಳಿತುಕೊಳ್ಳಿ ಎಂದು ಚಾಪೆ ಹಾಸಿದೆ. ಕೆಲಸಬೊಗಸೆ ಇದ್ದವರು, ಯಾರೂ ಕೂರಲಿಲ್ಲ. ಅವರನ್ನು ಬಾಗಿಲವರೆಗೆ ಕಳಿಸಿ ಬರುವಷ್ಟರಲ್ಲಿ ಬೆರಣಿ ಪೂರಾ ಉರಿದು ಬೂದಿಯಾಗಿತ್ತು. ಅದಕ್ಕೇ ಉಪ್ಪು, ಮೆಣಸು, ಕರ್ಪೂರ ಸುರಿದು ಅರೆದೆ. ನುಣ್ಣಗೆ, ಬೆಳ್ಳಗೆ ಬಂತು. ಮರದ ಬಟ್ಟಲಿಗೆ ತುಂಬಿ ಪಡಸಾಲೆಯ ಗೂಡಿನಲ್ಲಿಟ್ಟೆ. ನಾವು ಶಿವಭಕ್ತರು; ಆ ಗೂಡಿನಲ್ಲಿ ವಿಭೂತಿಯ ಗಟ್ಟಿ ಇರುತ್ತಿತ್ತು, ಅದು ತೀರಿಹೋಗಿತ್ತು.

ಮುಂದಿನ ಸೋಮವಾರ ಸಿದ್ದಪ್ಪನವರು ಜವನಗೊಂಡನಹಳ್ಳಿಗೆ ಕಾಯಿ ತರಲು ಹೊರಟವರು, ಗಾಡಿ ಬರುವುದು ತಡವೆಂದು ಒಳಗೆ ಬಂದರು. ಕೈಕಾಲು ತೊಳೆದು, ವಾಡಿಕೆಯಂತೆ ವಿಭೂತಿಗೆಂದು ಗೂಡಿಗೆ ಕೈ ಹಾಕಿದರು. ವಿಭೂತಿಯ ಗಟ್ಟಿ ಪುಡಿಯಾಗಿದೆ ಎಂದುಕೊಂಡರೋ ಏನೋ, ಒದ್ದೆ ಬೆರಳುಗಳಿಂದ ಹಣೆಗೆ, ಕತ್ತಿಗೆ, ತೋಳಿಗೆ ಭಕ್ತಿಯಿಂದ ಪಟ್ಟೆ ಪಟ್ಟೆ ಬಳಿದುಕೊಂಡರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಚಾಪೆಯ ಮೇಲೆ ಕುಳಿತುಬಿಟ್ಟರು. ನಾನು ಬಾಯಿ ಮುಚ್ಚಿಕೊಂಡೆ.

"ತಣ್ಣಗೈತೆ ಕಣ್ರಿ ಗುಮಾಸ್ತ್ರೆ. ಯಾವ ಮಠದ್ದು?"

"ಮನೆಯಲ್ಲೇ ಮಾಡಿದ್ದು," ಎಂದೆ. ಸುಳ್ಳೇನಲ್ಲ.

ಬೇಸಗೆಯ ಹೊತ್ತು. ಅವರ ಹಣೆ ಬೆವರಿತು, ಬೆವರು ಮೆಣಸನ್ನು ಕರೆದುಕೊಂಡು ಕಣ್ಣಿಗಿಳಿಯಿತು. ಅವರು ಹೆಗಲ ವಸ್ತ್ರದಿಂದ ಒರೆಸಿಕೊಂಡರು. ಒರೆಸಿದಷ್ಟೂ ಹರಡಿ, ಕಣ್ಣಿಂದ ಧಾರಾಕಾರ ನೀರು. ಅದೇ ಹೊತ್ತಿಗೆ ಬಸಮ್ಮ ಬಾಗಿಲ ಮುಂದೆ ಹಾದುಹೋಗುತ್ತಿದ್ದಳು. ಸಿದ್ದಪ್ಪನಂಥ ಗಂಡಸು ನನ್ನ ಎದುರು ಕೂತು ಅಳುವುದನ್ನು ಕಂಡು ಅವಳು ಬೇರೇನು ತಿಳಿದಾಳು? ಒಳಗೆ ಬಂದು ಕಂಬಕ್ಕೊರಗಿ ಕುಳಿತಳು. ಸೆರಗು ಬಾಯಿಗೆ ಹಿಡಿದಳು.

"ಅಳ್ರಪ್ಪ, ಅತ್ತುಬಿಡ್ರಿ. ಗೌರಿಯಂಥಾಕಿ ಎಲ್ಲಿ ಸಿಗ್ತಾಳೆ? ನನಗೆ ಜ್ವರ ಬಂದಾಗ ನನ್ನ ಗುಡಿಸಲಿಗೆ ಗಂಜಿ ತಂದಾಕಿ ಅವಳೊಬ್ಬಳೇ."

ಇದು ನನಗೆ ಗೊತ್ತೇ ಇರಲಿಲ್ಲ. ಗೌರಮ್ಮ ಹೋದಂದಿನಿಂದ ನನ್ನ ಮನೆಯಲ್ಲಿ ಅವಳ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನ್ನ ಕಣ್ಣಿಗೆ ಮೆಣಸು ಬಿದ್ದಿರಲಿಲ್ಲ. ಆದರೂ ಮೂವರಲ್ಲಿ ಹೆಚ್ಚು ಅತ್ತವನು ನಾನೇ.

ಕೊನೆಗೆ ಸಿದ್ದಪ್ಪನವರು ಮುಖ ತೊಳೆದು, ಬಟ್ಟಲಿನ ಪುಡಿಯನ್ನು ಬೆರಳಿಗೆ ಹಚ್ಚಿ ಮೂಸಿ, ಆಮೇಲೆ ನಾಲಿಗೆಗೆ ಮುಟ್ಟಿಸಿ ನನ್ನನ್ನೇ ನೋಡಿದರು.

"ಇದು ಹಲ್ಲುಪುಡಿ ಅಲ್ವೇನ್ರಿ? ಮೊದ್ಲೇ ಹೇಳಬಾರದಾ?"

"ಹೇಳಿದ್ದರೆ ನೀವು ತೊಳೆದುಕೊಂಡು ಹೋಗಿಬಿಡುತ್ತಿದ್ದಿರಿ," ಎಂದೆ.

ಅವರು ಬೆರಳಲ್ಲಿದ್ದುದನ್ನು ಹಲ್ಲಿಗೆ ಉಜ್ಜಿದರು. "ಉಪ್ಪು ಜಾಸ್ತಿ ಆಗೈತೆ. ಗೌರಮ್ಮಾರು ಇಷ್ಟು ಹಾಕ್ತಿರಲಿಲ್ಲ," ಎಂದು ಗಾಡಿ ಹತ್ತಿದರು.

ಮರುದಿನ ಬೆಳಗ್ಗೆ ಜಗಲಿಯ ಮೇಲೆ ಅಂಗೈ ಚಾಚಿ ನಿಂತಿದ್ದರು. "ಉಪ್ಪು ಕಮ್ಮಿ ಮಾಡೀರೇನೋ, ನೋಡಾಣ ಅಂತ ಬಂದೆ."

ಅಂದಿನಿಂದ ದಿನವೂ ಬರುತ್ತಾರೆ. ಒಮ್ಮೆ ಲವಂಗ ಹೆಚ್ಚು, ಒಮ್ಮೆ ಕರ್ಪೂರ ಕಡಿಮೆ. ಉಜ್ಜುತ್ತಾರೆ, ಉಗುಳುತ್ತಾರೆ, ಗೌರಮ್ಮನ ಪುಡಿ ಹೇಗಿತ್ತೆಂದು ಬೆರಳು ಬಾಯಲ್ಲಿಟ್ಟುಕೊಂಡೇ ವಿವರಿಸುತ್ತಾರೆ. ಈ ಕೈಗೆ ಹದ ಬರುವುದಿಲ್ಲ ಬಿಡಿ ಎಂದು ಬಸಮ್ಮ ಬೀದಿಗೆಲ್ಲ ಸಾರಿದ್ದಾಳೆ. ನಿಮಗೊಬ್ಬರಿಗೇ ಹೇಳುತ್ತೇನೆ, ಸಿದ್ದಪ್ಪನವರ ಕಿವಿಗೆ ಹಾಕಬೇಡಿ. ಸರಿಯಾದ ಹದ ನನಗೆ ಎಂದೋ ಸಿಕ್ಕಿದೆ. ಆ ಪುಡಿ ಗೌರಮ್ಮನ ಡಬ್ಬಿಯಲ್ಲಿ ಭದ್ರವಾಗಿದೆ. ಸಿದ್ದಪ್ಪನವರು ಬರುವ ಮುಂಚೆ ಅದರಲ್ಲಿ ನನ್ನ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಅವರಿಗಾಗಿ ಬೇರೆ ಬಟ್ಟಲಿಗೆ ಒಂದಿಷ್ಟು ಉಪ್ಪು ಹೆಚ್ಚಾಗಿಯೇ ಹಾಕಿಡುತ್ತೇನೆ.