ನಾನು ತಿಂದ ಊರುಗೋಲು

"ನನಗೇನೂ ಹೇಳಿಕೊಡಬೇಡಿ ನುನ್ಸಿಯಮ್ಮ, ಎಲ್ಲಾ ಗೊತ್ತಿದೆ" ಎಂದು ಎದೆಯುಬ್ಬಿಸಿ ಹೇಳಿದವನು ನಾನೇ. ಆ ಬಾಯಿಗೆ ಅಂದೇ ಬೀಗ ಜಡಿದಿದ್ದರೆ ಚೆನ್ನಾಗಿತ್ತು.

ದ್ರಾಕ್ಷಿ ಬೇಸಾಯ ಓದಲು ಸಿಸಿಲಿಗೆ ಬಂದು, ನುನ್ಸಿಯಮ್ಮನ ಮನೆಯ ಮಹಡಿ ಕೋಣೆ ಹಿಡಿದು ಮೂರು ವರ್ಷ. ಸಂತ ಜೋಸೆಫರ ಹಬ್ಬಕ್ಕೆ ಹಿಂದೆಯೂ ಎರಡು ಸಲ ಹೋಗಿದ್ದೆ, ಊಟದ ಹೊತ್ತಿಗೆ ಸರಿಯಾಗಿ. ಅಷ್ಟಕ್ಕೇ ಪಂಡಿತನಾಗಿದ್ದೆ. ಈ ಸಲದ ಹರಕೆ ನುನ್ಸಿಯಮ್ಮನದೇ. ಗಂಡ ಗಾಸ್ಪರೆ ಹೊಟ್ಟೆಯ ಆಪರೇಷನ್ ಆದಮೇಲೆ ಮೂರು ತಿಂಗಳಿಂದ ನಾಲ್ಕು ಚಮಚ ಸೂಪಿಗಿಂತ ಹೆಚ್ಚೇನೂ ಮುಟ್ಟುತ್ತಿರಲಿಲ್ಲ. ಅವರು ಮತ್ತೆ ಬಾಯಿತುಂಬ ಉಣ್ಣಲಿ ಎಂದು ಮನೆಯಲ್ಲಿ ಬ್ರೆಡ್ಡಿನ ಮಂಟಪ, ಅದರ ಮುಂದೆ ಸಂತರ ವೇಷ ಹಾಕಿ ಬಂದವರಿಗೆ ಊಟ. ಜೋಸೆಫ್ ಆಗುವವನು ಪರಸ್ಥಳದವನಾದರೆ ಇನ್ನೂ ಒಳ್ಳೆಯದೆಂದು ಆ ಪಟ್ಟ ನನಗೆ ಬಂತು. ಷರತ್ತು ಒಂದೇ: ಮಧ್ಯಾಹ್ನದವರೆಗೆ ಉಪವಾಸ.

ಹಬ್ಬದ ಬೆಳಿಗ್ಗೆ ನನ್ನ ಹತ್ತಿಯ ಗಡ್ಡ ಹುಡುಕುತ್ತ ಅಡುಗೆಮನೆಗೆ ಇಳಿದೆ. ಯಾರೂ ಇರಲಿಲ್ಲ. ಮೇಜಿನ ಮೇಲೆ ಉದ್ದನೆಯ ಬ್ರೆಡ್ಡು, ಮೈತುಂಬ ಎಳ್ಳು, ಇನ್ನೂ ಬಿಸಿ. ತುದಿ ಮುರಿದೆ. ರುಚಿ ನೋಡಿದ ಮೇಲೆ ನಾನು ನನ್ನ ಹಿಡಿತದಲ್ಲಿರಲಿಲ್ಲ. ಅರ್ಧ ಮುಗಿದಾಗ ಅದರ ಹಿಡಿಯ ಬಾಗು ಕಣ್ಣಿಗೆ ಬಿತ್ತು. ಅಯ್ಯೋ ಶಿವನೇ, ಅದು ಮಂಟಪದ ನಟ್ಟನಡುವೆ ನಿಲ್ಲಬೇಕಾದ ಸಂತ ಜೋಸೆಫರ ಊರುಗೋಲು. ಸಂತರ ವೇಷ ಹಾಕುವ ಮೊದಲೇ ಸಂತರ ಕೋಲು ನುಂಗಿದ ಮಹಾಪುರುಷ ನಾನು! ಉಳಿದರ್ಧಕ್ಕೆ ಬಟ್ಟೆ ಮುಚ್ಚಿ ಓಡಿದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬಟ್ಟೆ ಮಾತ್ರ ಇತ್ತು. ನುನ್ಸಿಯಮ್ಮನಿಗೆ ಗೊತ್ತಾಗಿಹೋಯಿತು ಎಂದುಕೊಂಡೆ.

ಮಧ್ಯಾಹ್ನ ಮನೆಯ ಮುಂದೆ ಬೀದಿಯವರೆಲ್ಲ ಸೇರಿದರು. ಮೇರಿಯಾಗಿ ಪಕ್ಕದ ಮನೆಯ ಇಗ್ನಾಜಿಯಾ. ಅವಳ ಕಂಕುಳಲ್ಲಿ ಬಾಲಯೇಸು, ಅಂದರೆ ಅವಳ ಎಂಟು ತಿಂಗಳ ಮಗಳು. ನಾನು ಬಾಗಿಲು ಬಡಿದೆ.

"ಯಾರದು?" ಒಳಗಿಂದ ನುನ್ಸಿಯಮ್ಮ ಕೇಳಿದರು.

"ಜೋಸೆಫ್, ಮೇರಿ, ಮಗು."

"ಇಲ್ಲಿ ಜಾಗ ಇಲ್ಲ. ಮುಂದೆ ಹೋಗಿ."

ಇದು ಕೋಲಿನ ಸಿಟ್ಟೇ ಎಂದುಕೊಂಡೆ. ಇಗ್ನಾಜಿಯಾ ಮೊಣಕೈಯಲ್ಲಿ ತಿವಿದು, "ಇನ್ನೊಂದ್ಸಲ ಬಡಿ" ಎಂದಳು. ಬಡಿದೆ.

"ಹೇಳಿದ್ದು ಕೇಳಿಸ್ಲಿಲ್ವಾ? ನಿಮ್ಮಂಥೋರಿಗೆ ಇಲ್ಲಿ ಊಟಾನೂ ಇಲ್ಲ, ಜಾಗಾನೂ ಇಲ್ಲ."

ನಿಮ್ಮಂಥೋರಿಗೆ! ನನಗೆ ಜ್ವರ ಬಂದಾಗಲೆಲ್ಲ ಹಣೆ ಮುಟ್ಟಿ ನೋಡಿದ ತಾಯಿ ಆಡಿದ ಮಾತು. ತಡೆಯಲಾಗಲಿಲ್ಲ. ಅಲ್ಲೇ ಬೀದಿಯಲ್ಲಿ ಮಂಡಿಯೂರಿದೆ.

"ತಪ್ಪಾಯ್ತು ನುನ್ಸಿಯಮ್ಮ, ಕೋಲು ತಿಂದಿದ್ದು ನಾನೇ. ಹಸಿವು ತಡೆಯೋಕಾಗ್ಲಿಲ್ಲ. ನನ್ನಿಂದ ನಿಮ್ಮ ಹರಕೆ ಕೆಟ್ಟೋಯ್ತು."

ಒಳಗಿಂದ ನುನ್ಸಿಯಮ್ಮನ ದನಿ ಸಣ್ಣಗೆ ಕೇಳಿಸಿತು. "ಅವನಾ? ರೀ, ಕೋಲು ನಾನು ತಿಂದೆ ಅಂದ್ರಲ್ಲ ನೀವು? ಬೆಳಿಗ್ಗೆಯಿಂದ ಖುಷಿಗೆ ಅಳ್ತಾ ಇದ್ದೀನಿ. ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ರಾ?"

ಊರುಗೋಲಿನ ಜೊತೆಗೆ ಆಕೆಯ ಸಂತೋಷವನ್ನೂ ತಿಂದುಹಾಕಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಸುಳ್ಳಲ್ಲ ಕಣೇ" ಎಂದರು ಗಾಸ್ಪರೆ. "ಬಟ್ಟೆ ಕೆಳಗೆ ಯಾರೋ ಕಚ್ಚಿಬಿಟ್ಟ ಅರ್ಧ ಇತ್ತು. ಇಷ್ಟು ಆಸೆಯಿಂದ ತಿಂದಿದಾನಲ್ಲ ಕಳ್ಳ ಅಂತ ನೋಡ್ತಾ ನೋಡ್ತಾ ನಂಗೂ ಹಸಿವಾಯ್ತು. ಒಂದು ಚೂರೂ ಬಿಡ್ಲಿಲ್ಲ. ಇನ್ನೊಂದು ಇದ್ಯಾ?"

ನುನ್ಸಿಯಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ಬಾಗಿಲಾಚೆಗೆ ತಿಳಿಯಲಿಲ್ಲ. ನನ್ನ ಕಣ್ಣಂತೂ ತುಂಬಿ, ಗಡ್ಡ ಒದ್ದೆಯಾಗಿ ಜಾರಿತು. ಎದ್ದು ನಿಂತು ಕಾದೆ. ಬಾಗಿಲು ತೆರೆಯಲೇ ಇಲ್ಲ.

"ಅಮ್ಮಾ, ಕ್ಷಮಿಸಿದ್ರೆ ಒಳಗೆ ಕರೀರಿ."

"ಕರೆಯೋದು ಮೂರನೇ ಸಲ ಬಡಿದ ಮೇಲೆ ಮಗಾ. ಎರಡು ಸಲ ಓಡಿಸ್ಬೇಕು, ಮೂರನೇ ಸಲ ತೆಗೀಬೇಕು. ಎಲ್ಲರ ಮನೇಲೂ ಇದೇ ಪದ್ಧತಿ. ಹೇಳಿಕೊಡೋಣ ಅಂದ್ರೆ ನಿಂಗೆ ಎಲ್ಲಾ ಗೊತ್ತಿತ್ತಲ್ಲ?"

ಬಾಯಿ ಮುಚ್ಚಿಕೊಂಡು ಬಡಿದೆ.