ಮನೆ ದಾರಿ ಹಿಡಿದ ನಾಡಪ್ರಭು

ನಮ್ಮ ಅಳಿಯ ಬಾವಿಗೆ ಹೋಗಿ ಬರುತ್ತೇನೆ ಅಂದರೆ ನಾನು ಬಾವಿಯೊಂದನ್ನು ಬಿಟ್ಟು ಮಿಕ್ಕ ಕಡೆಯೆಲ್ಲ ಹುಡುಕುತ್ತೇನೆ. ಸ್ವಂತ ಅಣ್ಣನ ಮಗ, ನಾನೇ ಎತ್ತಿ ಆಡಿಸಿದವನು, ಮಗಳನ್ನು ಕೊಟ್ಟದ್ದೂ ಅವನಿಗೇ. ಆದರೂ, ಹುಂಜಕ್ಕೆ ಕೂಗುವುದನ್ನು ಕಲಿಸುತ್ತೇನೆಂದು ಮೂರು ದಿನ ಹಿತ್ತಲಲ್ಲಿ ತಾನೇ ಕೂಗಿದವನನ್ನು ನೀವಾದರೂ ನಂಬುತ್ತೀರಾ?

ಆ ವರ್ಷ ಅನುಮಾನ ಇನ್ನೂ ಹೆಚ್ಚಿತು. ಮಗಳು ಎಂಟು ತಿಂಗಳ ಬಸುರಿ. ಮೊದಲ ಕೂಸು ಕೈಗೆ ಹತ್ತದೆ ಹೋದ ಮೇಲೆ ಅವಳು ನಕ್ಕೇ ಇರಲಿಲ್ಲ. ಈ ಸಲ ದೃಷ್ಟಿಯಾದೀತೆಂದು ಹೊಸಲು ದಾಟಬೇಡ ಎಂದಿದ್ದೆ. ಇವನೋ ಸಂಜೆಯಾದರೆ ಮಾಯ. ಬರುವಾಗ ಮುಖದ ಮೇಲೆ ಪೌಡರು. ಒಂದು ದಿನ ಪೆಟ್ಟಿಗೆಯಲ್ಲಿ ನನ್ನ ಧಾರೆ ಸೀರೆಯೂ ಇಲ್ಲ.

"ಏನ್ಲಾ, ಯಾರವಳು?"

"ಯಾರತ್ತೆ?"

"ನನ್ ಸೀರೆ ಸುತ್ಕೊಂಡಿರೋಳು."

"ನಾನೇ," ಅಂದ. ನಿಜ ಹೇಳಿದ್ದು ಅದೊಂದೇ ಸಲ, ಅದನ್ನೂ ನಾನು ನಂಬಲಿಲ್ಲ.

ಕಾಮನ ಹಬ್ಬದ ಮಧ್ಯಾಹ್ನ ಹೇರೋಹಳ್ಳಿಯಲ್ಲಿ ಸೋಗಿನ ಮೆರವಣಿಗೆ. ಹಿಂದೆ ನಾಡಪ್ರಭುಗಳು ಎತ್ತು ಹೂಡಿ ಗೆರೆ ಎಳೆಸಿ ಬೆಂಗಳೂರು ಪೇಟೆ ಕಟ್ಟಿದರಲ್ಲ, ಅದರ ಅಣಕ. ನಾಡಪ್ರಭು ನಮ್ಮ ಅಳಿಯನೇ. ಕುರಿ ಉಣ್ಣೆಯ ಮೀಸೆ, ಸೊಂಟದಲ್ಲಿ ಕತ್ತಿಯ ಬದಲು ಸೌಟು, ತಲೆಗೆ ನನ್ನ ಸೀರೆಯ ಪೇಟ.

"ಎತ್ತು ನಿಂತ ಕಡೆ ಪೇಟೆ ಕಟ್ತೀವಿ, ರಾಜಾಜಿನಗರದಲ್ಲಿ ಸೈಟು ಸಿಗದೋರೆಲ್ಲ ಬನ್ರಪ್ಪೋ," ಎಂದು ಸಾರುತ್ತಿದ್ದ.

ಎತ್ತು ನಿಲ್ಲಬೇಕಾದದ್ದು ಅರಳಿಕಟ್ಟೆಯಲ್ಲಿ, ಪಟೇಲರ ಮುಂದೆ. ಆದರೆ ಅವು ನಮ್ಮ ಮನೆಯ ಎತ್ತುಗಳು. ಸೀದಾ ನಮ್ಮ ಓಣಿಗೆ ತಿರುಗಿದವು. ಹಿಂದೆ ತಮಟೆ, ತಮಟೆಯ ಹಿಂದೆ ಊರು.

"ಆ ಕಡೆ ಅಲ್ಲ ಕಣ್ಲಾ!" ಪಟೇಲರು ಓಡಿ ಬಂದರು.

"ನಮ್ ಕೈಲಿ ಏನೈತೆ ಪಟೇಲ್ರೇ? ರಾಜ್ಯ ಎತ್ತಿನ್ ಕೈಲೈತೆ."

ಎತ್ತುಗಳು ನಮ್ಮ ಬಾಗಿಲ ಪಕ್ಕದ ಬೂಸಾ ತೊಟ್ಟಿಗೆ ಬಾಯಿಟ್ಟವು. ಹೊಸಲಿನ ಒಳಗೆ ಮಗಳು. ನಾಡಪ್ರಭು ಸೌಟೆತ್ತಿ ಬಾಗಿ, "ತಾಯೀ, ನಮ್ ರಾಜ್ಯದ ಗಡಿ ಇದೇ ಹೊಸಲು," ಎನ್ನುವಷ್ಟರಲ್ಲಿ ಮೀಸೆ ತೊಟ್ಟಿಗೆ ಬಿತ್ತು, ಎತ್ತು ಅದನ್ನೂ ಮೇಯಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾಕು ಬುಡು ಬಾವ, ಆಗಕ್ಕಿಲ್ಲ," ಎಂದು ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

ತಿಂಗಳು ತುಂಬಿ ಮೊಮ್ಮಗಳು ಬಂದಳು. ಗಟ್ಟಿ ಕೂಸು, ಹುಟ್ಟುತ್ತಲೇ ಓಣಿಗೆಲ್ಲ ಕೇಳುವಂತೆ ಅತ್ತಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಅಳಿಯ ಮಾತ್ರ ಒಂದು ಅಚ್ಚು ಬೆಲ್ಲ ಮುಚ್ಚಿಟ್ಟುಕೊಂಡು ಕೊಟ್ಟಿಗೆಗೆ ಜಾರಿದ. ನಾನು ಬಿಡುತ್ತೇನೆಯೇ? ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

ಎತ್ತುಗಳಿಗೆ ಬೆಲ್ಲ ತಿನ್ನಿಸುತ್ತಿದ್ದ.

"ಅವತ್ತು ಹಬ್ಬದ್ ದಿನ ಬೆಳಗ್ಗಿಂದ ನಿಮ್ನ ಉಪಾಸ ಕೆಡವಿದ್ನಲ್ಲ, ತಪ್ಪಾಯ್ತು ಕಣ್ರಪ್ಪಾ. ಅವಳು ಹೊಸಲು ದಾಟೋ ಹಂಗಿರ್ಲಿಲ್ಲ, ನಾನೇನ್ ಮಾಡ್ಲಿ?"

ನಾನು ಸದ್ದಿಲ್ಲದೆ ಹಿಂದಕ್ಕೆ ಬಂದೆ.