ದ್ವೀಪದಿಂದ ಬಂದ ತಾಟು

ನಾನು, ನನ್ನ ಹೆಂಡತಿ ಮನೆಗೆ ಬೀಗ ಹಾಕಿ ಹೊರಟೆವೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಬೀಗದ ಕೈ ಮನೆಯೊಳಗೇ ಉಳಿಯುವುದು ಅದರಲ್ಲಿ ತೀರ ಸಣ್ಣದು. ನಾನು ಮೌಂಟನ್ ವ್ಯೂ ಆಫೀಸಿಗೆ ಓಡಾಡುತ್ತಿದ್ದ ಕಾಲದಲ್ಲಿ ಇಂಥವು ವರ್ಷಕ್ಕೊಂದು ಆಗುತ್ತಿದ್ದವು. ನಿವೃತ್ತನಾದ ಮೇಲೆ ಪುರಸೊತ್ತು ಸಿಕ್ಕಿತು ನೋಡಿ, ಈಗ ತಿಂಗಳಿಗೊಂದು. ತುರ್ಕಿಯ ಬೊಜ್‌ಜಾದಾ ದ್ವೀಪಕ್ಕೆ ಹೋದಾಗ ಮಾತ್ರ ಎರಡೇ ದಿನದಲ್ಲಿ ವರ್ಷದ ಕೋಟಾ ಮುಗಿಯಿತು.

ನೀಲಿ ಬಾಗಿಲು

ಸ್ಯಾನ್ ಹೊಸೆಯಲ್ಲಿ ನಮ್ಮ ಪಕ್ಕದ ಮನೆಯವರು ಗ್ರೀಕರು. ಎಂಬತ್ತು ದಾಟಿದ ಒಂಟಿ ಜೀವ. ಬೇಲಿಯ ಆ ಕಡೆಯಿಂದ ಅವರ ನಿಂಬೆಹಣ್ಣು ಈ ಕಡೆ ಬೀಳುತ್ತವೆ, ಈ ಕಡೆಯಿಂದ ನಮ್ಮ ಒಗ್ಗರಣೆಯ ಘಾಟು ಆ ಕಡೆ ಹೋಗುತ್ತದೆ. ಹಾಗಾಗಿ ಇಪ್ಪತ್ತು ವರ್ಷದ ಸ್ನೇಹ. ನನ್ನ ಹೆಂಡತಿ ಧಾರವಾಡದ ರೂಢಿಯಂತೆ ಅವರನ್ನು ‘ಅಣ್ಣಾರು’ ಎನ್ನುತ್ತಾಳೆ. ಅವರೂ ಕರೆದರೆ ಓಗೊಡುತ್ತಾರೆ.

ನಾವು ಇಸ್ತಾಂಬುಲ್‌ಗೆ ಹೊರಟಿದ್ದೇವೆಂದು ತಿಳಿದು ಒಂದು ದಿನ ಬೇಲಿಯ ಹತ್ತಿರ ಕರೆದರು. ಅವರ ತಾಯಿ ಹುಟ್ಟಿದ್ದು ಬೊಜ್‌ಜಾದಾದಲ್ಲಂತೆ. ಆಗ ಅಲ್ಲಿ ಗ್ರೀಕರ ಕೇರಿ ತುಂಬಿ ತುಳುಕುತ್ತಿತ್ತಂತೆ. ತಾಯಿ ಹತ್ತು ವರ್ಷದವಳಿದ್ದಾಗ ದೋಣಿ ಹತ್ತಿ ಬಂದವಳು, ಸಾಯುವವರೆಗೂ ಆ ಮನೆಯ ಬಾಗಿಲಿನ ಮಾತೇ ಆಡುತ್ತಿದ್ದಳಂತೆ.

“ಆ ಬಾಗಿಲಿನ ಒಂದು ಫೋಟೋ ತಂದುಕೊಡಿ. ಸಾಯೋದ್ರೊಳಗೆ ಒಂದ್ಸಲ ನೋಡಬೇಕು.”

“ಅಷ್ಟಿದ್ರೆ ನೀವೇ ಬನ್ನಿ. ಜೊತೆಗೆ ಹೋಗೋಣ.”

“ಮೊಣಕಾಲು,” ಅಂದರು. ಆಮೇಲೆ ನಿಜ ಹೇಳಿದರು. “ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ಹೋಗಿ ಬಾಗಿಲು ತಟ್ಟಿ ಏನಂತ ಹೇಳಲಿ? ತಟ್ಟೋಕೂ ಒಂದು ಕಾರಣ ಬೇಕಲ್ಲ.”

“ಆಯ್ತು, ಮನೆ ಗುರುತು ಹೇಳಿ.”

“ಸುಲಭ. ಬಾಗಿಲು ನೀಲಿ. ಮೇಲೆ ಕಲ್ಲಿನಲ್ಲಿ ಕೆತ್ತಿದ ದ್ರಾಕ್ಷಿ ಗೊಂಚಲು ಇರಬೇಕು.”

ದ್ವೀಪದಲ್ಲಿ ಇಳಿದು ಗ್ರೀಕರ ಹಳೇ ಕೇರಿಗೆ ಹೋಗಿ ನೋಡಿದರೆ ಒಂದಾದ ಮೇಲೊಂದು ಬಾಗಿಲು ನೀಲಿ. ಬೇರೆ ಬಣ್ಣದ್ದೊಂದು ಸಿಕ್ಕಿತು, ಹತ್ತಿರ ಹೋದರೆ ಪೇಂಟರು ನೀಲಿ ಡಬ್ಬಿ ಹಿಡಿದು ನಿಂತಿದ್ದ.

ಚಪ್ಪಲಿ ಸೇವೆ

ದಾರಿ ಕೇಳೋಣವೆಂದು ಅಲ್ಲಿನ ಹಳೇ ಚರ್ಚಿಗೆ ಹೋದೆವು. ಬಾಗಿಲಲ್ಲೇ ನನ್ನ ಹೆಂಡತಿ ಬೂಟು ಕಳಚಿಟ್ಟಳು.

“ಇಲ್ಲಿ ಬಿಡೂದು ಬೇಕಾಗಿಲ್ಲ, ಮಾರಾಯ್ತಿ.”

“ದೇವರ ಗುಡಿ ಅಂದಮ್ಯಾಲ ಮುಗೀತು. ಬಿಡ್ರಿ ಸುಮ್ನ.”

ಬಿಟ್ಟೆ. ಒಳಗೆ ಹೋಗಿ ಕೈ ಮುಗಿದು, ಕಾಲು ಗಂಟೆ ಕೂತು ಹೊರಗೆ ಬಂದರೆ ಮೆಟ್ಟಿಲ ಮೇಲೆ ಮೂವತ್ತು ಜೊತೆ ಬೂಟು! ನಮ್ಮ ಹಿಂದೆಯೇ ಒಂದು ಜರ್ಮನ್ ಪ್ರವಾಸಿ ತಂಡ ಬಂದಿತ್ತು. ನಮ್ಮ ಬೂಟು ನೋಡಿ, ಇದೇ ಇಲ್ಲಿಯ ನಿಯಮವೆಂದು ಅಷ್ಟೂ ಜನ ಶಿಸ್ತಾಗಿ ಸಾಲಾಗಿ ಬಿಟ್ಟಿದ್ದರು. ಚರ್ಚು ನೋಡಿಕೊಳ್ಳುವ ಮುದುಕ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. “ಯಾರು ಹೇಳಿದ್ದು ನಿಮಗೆ?” ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದರೆ ಅಷ್ಟೂ ಬೆರಳು ನನ್ನ ಹೆಂಡತಿಯ ಕಡೆ ತಿರುಗಿದವು. ಅವಳು ಹೊಗಳುತ್ತಿದ್ದಾರೆಂದು ತಿಳಿದು ನಮಸ್ಕಾರ ಮಾಡಿದಳು.

ಮುದುಕನಿಗೆ ದ್ರಾಕ್ಷಿ ಗೊಂಚಲಿನ ಮನೆ ಗೊತ್ತಿತ್ತು. ಮೂರನೇ ಓಣಿ ಎಂದು ತೋರಿಸಿದ. ಆ ಗದ್ದಲದಲ್ಲಿ ಯಾರೋ ನನ್ನ ಬೂಟು ಹಾಕಿಕೊಂಡು ಹೋಗಿದ್ದರು. ಉಳಿದ ದ್ವೀಪವನ್ನು ನಾನು ಒಬ್ಬ ಜರ್ಮನ್ನನ ಬೂಟಿನಲ್ಲಿ ನೋಡಿದೆ. ಒಂದು ಸೈಜು ದೊಡ್ಡದು, ಆದರೆ ನನ್ನದಕ್ಕಿಂತ ಹೊಸದು. ಹಾಗಾಗಿ ನಾನು ಯಾರಿಗೂ ದೂರು ಕೊಟ್ಟಿಲ್ಲ.

ಫೋಟೋ

ಮನೆ ಸಿಕ್ಕಿತು. ನೀಲಿ ಬಾಗಿಲು, ಮೇಲೆ ಕಲ್ಲಿನ ಗೊಂಚಲು. ಅವಸರದಿಂದ ಫೋನು ತೆಗೆದೆ.

“ಬರೇ ಬಾಗಲಾ ತಗೀತೀರೇನು? ತಡೀರಿ, ನಾನೂ ನಿಲ್ಲತೇನಿ.”

ನಿಂತಳು. ಸೆರಗು ಸರಿ ಮಾಡಿಕೊಂಡು ಒಂದು, ತಂಪು ಕನ್ನಡಕ ಹಾಕಿಕೊಂಡು ಒಂದು. ಆಮೇಲೆ ನನ್ನನ್ನು ನಿಲ್ಲಿಸಿ ಅವಳು ತೆಗೆದಳು. ಒಟ್ಟು ಇಪ್ಪತ್ತಾರು. ಇಪ್ಪತ್ತೇಳನೆಯದಕ್ಕೆ ನಿಂತಿದ್ದಾಗ ಬಾಗಿಲು ತೆರೆದು ತಲೆವಸ್ತ್ರ ಕಟ್ಟಿದ ಒಬ್ಬ ಅಜ್ಜಿ ಹೊರಗೆ ಬಂದರು.

ನಾನು ಅನುವಾದದ ಆ್ಯಪು ಹುಡುಕುವಷ್ಟರಲ್ಲಿ ಹೆಂಡತಿ ಧಾರವಾಡ ಕನ್ನಡದಲ್ಲಿ, ಅಜ್ಜಿ ಟರ್ಕಿಶ್‌ನಲ್ಲಿ ಮಾತಿಗೆ ಕೂತಾಗಿತ್ತು. ಕಲ್ಲಿನ ಗೊಂಚಲು ತೋರಿಸಿದ್ದಾಯಿತು, ಸೊಂಟನೋವು ತೋರಿಸಿದ್ದಾಯಿತು. ಹದಿನೈದು ನಿಮಿಷದ ಮೇಲೆ ನಾನು ಆ್ಯಪು ಹಿಡಿದು ಮುಂದೆ ಬಂದರೆ ಇಬ್ಬರೂ ಒಟ್ಟಿಗೆ ಕೈ ಬೀಸಿದರು, ನೊಣ ಓಡಿಸಿದ ಹಾಗೆ.

ಐದು ಸುತ್ತು

ಹೊರಡುವಾಗ ಅಜ್ಜಿ ನೀಲಿ ಅಂಚಿನ ಪಿಂಗಾಣಿ ತಾಟಿನ ತುಂಬ ಟೊಮೆಟೊ ಜಾಮು ಕೊಟ್ಟರು. ನಾವು ಉಳಿದುಕೊಂಡಿದ್ದು ಪಕ್ಕದ ಓಣಿಯಲ್ಲೇ. ತಿಂದು, ತಾಟು ತೊಳೆದು, “ಕೊಟ್ಟು ಬರ್ತೇನೆ” ಅಂದೆ.

“ಖಾಲಿ ತಾಟು ಹೆಂಗ ಕೊಡೂದ್ರೀ? ನಾಚಿಕಿ ಬರೂದಿಲ್ಲೇನು?”

ತಾಟಿನ ತುಂಬ ಶೇಂಗಾ ಚಟ್ನಿಪುಡಿ ಹೋಯಿತು. ಅರ್ಧ ಗಂಟೆಯಲ್ಲಿ ಅದೇ ತಾಟು ತುಂಬ ಬಿಸ್ಕತ್ತು ಬಂತು. ಆ ಅಜ್ಜಿಯ ಮನೆಯಲ್ಲೂ ಖಾಲಿ ತಾಟು ತಿರುಗಿಸುವ ಪದ್ಧತಿ ಇಲ್ಲವೆಂದು ನನಗೆ ಆಗಲೇ ಹೊಳೆಯಬೇಕಿತ್ತು. ಅವಲಕ್ಕಿ ಹೋಯಿತು, ಒಣ ಅಂಜೂರ ಬಂತು. ಕರದಂಟು ಹೋಯಿತು, ಆಲಿವ್ ಬಂತು. ಓಡಾಡುವವನು ನಾನು, ಜರ್ಮನ್ ಬೂಟಿನಲ್ಲಿ.

ಮರುದಿನ ಸಂಜೆಯ ಫೆರಿ ತಪ್ಪಿದರೆ ವಿಮಾನವೂ ತಪ್ಪುತ್ತಿತ್ತು. ಹೆಂಡತಿ ಸ್ನಾನಕ್ಕೆ ಹೋದಾಗ ಖಾಲಿ ತಾಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋಗಿ ಅಜ್ಜಿಯ ಹೊಸಿಲ ಮೇಲಿಟ್ಟು ಓಡಿಬಂದೆ. ಕಿಟಕಿಯಿಂದ ಅಜ್ಜಿ ನೋಡಿದ್ದು ನನಗೆ ಗೊತ್ತಾಗಿದ್ದು ಬಂದರಿನಲ್ಲಿ. ಫೆರಿ ಸೀಟಿ ಹಾಕುತ್ತಿದೆ, ಅಜ್ಜಿ ಏದುಸಿರು ಬಿಡುತ್ತ ಬರುತ್ತಿದ್ದಾರೆ, ಕೈಯಲ್ಲಿ ತಾಟು, ತಾಟಿನ ತುಂಬ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಹೆಂಡತಿ ಚೀಲವೆಲ್ಲ ತಡಕಾಡಿದಳು. ಕೊಡಲು ಒಂದು ಚಿಟಿಕೆ ಚಟ್ನಿಪುಡಿಯೂ ಉಳಿದಿರಲಿಲ್ಲ. ತಾಟು ನಮ್ಮ ಜೊತೆಗೇ ಫೆರಿ ಹತ್ತಿತು. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಟಿಕೆಟ್ಟಿಗೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು.

ಬಾಗಿಲು ಕಂಡದ್ದು

ಮನೆಗೆ ಬಂದ ಮರುದಿನವೇ ಅಣ್ಣಾರು ಹಾಜರು. ಇಸ್ತ್ರಿ ಮಾಡಿದ ಅಂಗಿ, ಎರಡು ಕನ್ನಡಕ. ನಮ್ಮ ಮೊಮ್ಮಗಳು ಫೋಟೋಗಳನ್ನು ಟೀವಿಗೆ ಹಾಕಿದಳು. ಒಂದು, ಎರಡು, ಹತ್ತು, ಇಪ್ಪತ್ತಾರು. ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

“ಅಜ್ಜಾ, ವೇರ್ ಈಸ್ ದ ಡೋರ್?”

ಅಯ್ಯೋ! ಎಲ್ಲದರಲ್ಲೂ ನಾವೇ. ಹೆಂಡತಿಯ ಸೀರೆ ಬಾಗಿಲಿನ ಈ ತುದಿಯಿಂದ ಆ ತುದಿಯವರೆಗೆ; ನನ್ನ ಹ್ಯಾಟು ಸರಿಯಾಗಿ ದ್ರಾಕ್ಷಿ ಗೊಂಚಲಿನ ಮೇಲೆ. ಬಾಗಿಲು ಅಂತ ಕಾಣುವುದು ನನ್ನ ಕಂಕುಳ ಸಂದಿಯಲ್ಲಿ ಎರಡು ಬೆರಳು ನೀಲಿ. ಅಣ್ಣಾರು ಎದ್ದು ಟೀವಿಯ ಹತ್ತಿರ ಹೋಗಿ ಆ ನೀಲಿಯನ್ನೇ ನೋಡುತ್ತ ನಿಂತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿ ಒಳಗೆ ಹೋಗಿ ಕೋಡುಬಳೆ ತಂದಿಟ್ಟಳು, ಅದೇ ತಾಟಿನಲ್ಲಿ.

“ಅಣ್ಣಾರ, ಇದು ಆ ಮನೀ ತಾಟು,” ಎಂದಳು. ನಾನು ಇಂಗ್ಲಿಷ್ ಮಾಡಿ, ಐದು ಸುತ್ತಿನ ಕಥೆಯನ್ನೂ ಹೇಳಿದೆ.

ಅಣ್ಣಾರು ಕೋಡುಬಳೆ ಪಕ್ಕಕ್ಕೆ ಸುರಿದು, ತಾಟು ತಿರುಗಿಸಿ ಮುರುಗಿಸಿ ನೋಡಿ, ಎದೆಗೆ ಹಿಡಿದುಕೊಂಡು ಕೂತರು.

“ಹಾಗಾದ್ರೆ ಇದನ್ನ ಯಾರಾದ್ರೂ ಹೋಗಿ ಕೊಡಬೇಕು.”

“ಪಾರ್ಸೆಲ್ ಕಳಿಸ್ತೇನೆ,” ಅಂದೆ.

“ಪಾರ್ಸೆಲ್ಲಾ? ನಮ್ಮಮ್ಮ ಕೇಳಿದ್ರೆ ಏನಂದಾಳು? ಬಾಗಿಲು ತಟ್ಟಿ ಕೈಗೇ ಕೊಡಬೇಕು. ಖಾಲಿ ಅಲ್ಲ.”

ಮೊಣಕಾಲಿನ ಮಾತೇ ಬರಲಿಲ್ಲ. ಎರಡು ವಾರದಲ್ಲಿ ತಾವೇ ಬೆಣ್ಣೆ ಬಿಸ್ಕತ್ತು ಮಾಡಿ ಡಬ್ಬಿಗೆ ತುಂಬಿಕೊಂಡು, ತಾಟನ್ನು ಸ್ವೆಟರಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು. ವಿಮಾನ ನಿಲ್ದಾಣದಲ್ಲಿ ಬಿಡುವಾಗ ನಾನು ಮತ್ತೆ ಮತ್ತೆ ಹೇಳಿದೆ: “ಬಾಗಿಲಿನದೊಂದು ಫೋಟೋ ಕಳಿಸಿ. ಅಡ್ಡ ಯಾರೂ ನಿಲ್ಲಬೇಡಿ.”

ನಾಲ್ಕನೇ ದಿನ ಫೋಟೋ ಬಂತು. ಅಜ್ಜಿ ಒಂದು ಕಡೆ, ಅಣ್ಣಾರು ಒಂದು ಕಡೆ, ಇಬ್ಬರೂ ಬಾಯ್ತುಂಬ ನಗುತ್ತ ಸರಿಯಾಗಿ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ನಡುವೆ ಅಣ್ಣಾರ ಕೈಯಲ್ಲಿ ತಾಟು, ತಾಟಿನ ತುಂಬ ಟೊಮೆಟೊ ಜಾಮು. ಕೆಳಗೆ ಒಂದು ಸಾಲು:

“ಕೊಟ್ಟೆ. ತೊಳೆದು ತುಂಬಿಸಿ ನನಗೇ ಕೊಟ್ಟರು. ಈಗೇನು ಮಾಡಲಿ?”

ಹೆಂಡತಿಗೆ ಓದಿ ಹೇಳಿದೆ. ಅವಳು ಆಗಲೇ ಶೇಂಗಾ ಹುರಿಯಲು ಬಾಣಲೆ ಇಟ್ಟಿದ್ದಳು.

“ಏನ್ ಕೇಳ್ತಾರ ಅದನ್ನ? ತಾಟು ತಗೊಂಡು ಬರ್ರಿ ಅಂತ ಹೇಳ್ರಿ. ಈ ಸಲ ಮೂರೂ ಮಂದಿ ಹೋಗೂಣು.”